ಸಿಸ್ಟರ್ ಕ್ವಾರ್ಟರ್ಸಿನ ಸೋಫಾ

ಚೌಡಯ್ಯ ಡ್ರಮ್ಮಿನೊಳಗೆ ಅದ್ದಿದ್ದ ಚಾಕುವನ್ನು ಮೇಲೆತ್ತಿ ಬಿಸಿಲಿಗೆ ಹಿಡಿದ. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಮೈಲುತುತ್ತ ಹೆಚ್ಚಾಯಿತು ಎಂದರ್ಥ. ಬೆಳ್ಳಗೇ ಉಳಿದರೆ ಸುಣ್ಣ ಸರಿಯಾಗಿದೆ. ಕಾಫಿ ಗಿಡದ ಕೊಳೆರೋಗಕ್ಕೆ ಹೊಡೆಯುವ ಈ ನೀಲಿ ಔಷಧಿ ಕಲಸುವುದರಲ್ಲಿ ಚೌಡಯ್ಯನನ್ನು ಮೀರಿಸುವವರು ಬಾಳೂರು ಸೀಮೆಯಲ್ಲೇನು, ಮೂರು ಲೋಕದಲ್ಲೂ ಇರಲಿಲ್ಲ. ದೇವಲೋಕದಲ್ಲಿ ಒಂದೆಕರೆ ರೋಬಸ್ಟಾ ಇದ್ದಿದ್ದರೂ ಸಾಕಿತ್ತು, ಅವನನ್ನು ಎಂದೋ ಕರೆಸಿಕೊಂಡುಬಿಡುತ್ತಿದ್ದರು. ಆದರೆ ಇವತ್ತು ಅವನು ಔಷಧಿ ಕಲಸಿದ್ದು ಗಿಡಕ್ಕಲ್ಲ, ಗೋಡೆಗೆ.

"ಗೋಡೆಗೆ ಎಂಥ ಕೊಳೆರೋಗ ಬರ್ತದೆ ಮಾರಾಯ್ತಿ?" ಎಂದ ಹೆಂಡತಿಗೆ.

"ಬಂದ ಸಿಸ್ಟರಮ್ಮಾರೆಲ್ಲ ಕಾಯಿ ಉದುರಿದಂಗೆ ಉದುರಿ ಹೋಗ್ತಿದ್ದಾರಲ್ಲ, ಅದು ಕೊಳೆರೋಗ ಅಲ್ದೆ ಮತ್ತೆಂತದು?" ಎಂದಳು ಅಂಜನಮ್ಮ. "ಸುಮ್ನೆ ಬಳೀರಿ. ಕಿಟಕಿ ಮೂಲೆ ಬಿಡ್ಬೇಡಿ. ಆಕಾಶ ನೋಡ್ದಂಗಿರ್ಬೇಕು."

ಅಂಜನಮ್ಮ ಸುಮ್ಮನೆ ಹೇಳುವವಳಲ್ಲ. ಅವಳು ಎಸ್ಟೇಟಿನ ಕೂಲಿಯವರ ಸಾಲುಮನೆ ಲೈನಿನ ಬಾಗಿಲಲ್ಲಿ ನಿಂತು ಮಗನನ್ನು ಕೂಗಿದರೆ ಕಳಸದ ಪೇಟೆಯಲ್ಲಿ ನಾಲ್ಕಾರು ಗಂಡುಮಕ್ಕಳು "ಬಂದೆ ಅವ್ವ" ಅನ್ನುತ್ತಿದ್ದರು. ಆ ಗಂಟಲಿನ ಆಜ್ಞೆಗೆ ಚೌಡಯ್ಯ ಎಂದೂ ಎದುರಾಡಿದವನಲ್ಲ. ತೆಂಗಿನ ನಾರಿನ ಕುಂಚ ಅದ್ದಿ ಗೋಡೆಯ ಮೇಲೆ ಎಳೆದ. ಹಸಿಯಿದ್ದಾಗ ಕೊಚ್ಚೆಯಂತೆ ಕಂಡದ್ದು ಒಣಗುತ್ತಾ ಬಂದ ಹಾಗೆ ತಿಳಿನೀಲಿಯಾಯಿತು. ಎಂಥ ನೀಲಿಯೆಂದರೆ, ಕಿಟಕಿಯಿಂದ ಒಳಗೆ ಬಂದ ಗುಬ್ಬಿಯೊಂದು ಗೋಡೆಯನ್ನೇ ಆಕಾಶವೆಂದುಕೊಂಡು ಹಾರಿ ಮೂಗು ಜಜ್ಜಿಕೊಂಡಿತು.

ಎಸ್ಟೇಟಿನ ಲೈನ್ ಮನೆಗಳಿಗೆ ಅಂಟಿದಂತಿದ್ದ ಆ ಎರಡು ಕೋಣೆಯ ಕಟ್ಟಡ ಸರ್ಕಾರಿ ನರ್ಸಿಗೆಂದು ಕಟ್ಟಿಸಿದ್ದು. ಕಟ್ಟಿಸಿದ್ದೇನೋ ಸರಿ, ಅದರಲ್ಲಿ ನರ್ಸು ನಿಲ್ಲಬೇಕಲ್ಲ. ಮೊದಲು ಬಂದವರು ಬಾಗಿಲು ತೆಗೆದದ್ದೇ ತಡ, ಒಳಗಿದ್ದ ಬಾವಲಿಗಳೆಲ್ಲ ಒಟ್ಟಿಗೆ ಹೊರಬಿದ್ದು ಊರಿಗೆ ನಡುಮಧ್ಯಾಹ್ನವೇ ಕತ್ತಲಾಯಿತು. ಎರಡನೆಯವರು ಸ್ವಲ್ಪ ಗಟ್ಟಿ ಜೀವ. ಕೊಟ್ಟ ಕಾಫಿಯಲ್ಲಿ ಅರ್ಧ ಕುಡಿದು ಹೋದರು. ಅವರ ಜೀಪು ತಿರುವಿನಲ್ಲಿ ಮರೆಯಾದಾಗ ಉಳಿದರ್ಧ ಇನ್ನೂ ಬಿಸಿಯಾಗಿತ್ತು. ಈಗ ಸೋಮವಾರ ಮೂರನೆಯವರು ಬರುವವರಿದ್ದರು. ಇವರೂ ನಿಲ್ಲದಿದ್ದರೆ ಆ ಜಾಗಕ್ಕೆ ಇನ್ನು ಯಾರನ್ನೂ ಕಳಿಸುವುದಿಲ್ಲವೆಂದು ಸುದ್ದಿ ಬಂದಿತ್ತು.

ಸುದ್ದಿ ಎಲ್ಲರಿಗೂ ಬಂದಿತ್ತು, ನಿದ್ದೆ ಹೋದದ್ದು ಮಾತ್ರ ಅಂಜನಮ್ಮನಿಗೆ. ಸೊಸೆ ರಂಜಿತಾಗೆ ಏಳು ತಿಂಗಳಾಗಿತ್ತು. ದಿನ ತುಂಬುವುದು ಸರಿಯಾಗಿ ಹಣ್ಣು ಕೊಯ್ಲಿನ ಕಾಲಕ್ಕೆ. ಆಗ ಸೀಮೆಯ ಜೀಪುಗಳೆಲ್ಲ ಕಾಫಿ ಮೂಟೆ ಹೊತ್ತು ತಿರುಗುತ್ತಿರುತ್ತವೆ. ಹೋದ ವರ್ಷ ಪಕ್ಕದ ಮನೆಯ ಗಿಡ್ಡಮ್ಮನನ್ನು ಮೂಡಿಗೆರೆ ಆಸ್ಪತ್ರೆಗೆಂದು ಹೊರಡಿಸಿದರೆ ಕೊಟ್ಟಿಗೆಹಾರ ಮುಟ್ಟುವ ಮೊದಲೇ ಜೀಪಿನಲ್ಲೇ ಹೆರಿಗೆಯಾಗಿತ್ತು. ಮಗುವಿಗೆ ರೇವಣ್ಣ ಎಂದು ಹೆಸರಿಟ್ಟರೂ ಊರವರು ಕರೆಯುತ್ತಿದ್ದುದು ಮಹೀಂದ್ರ ಎಂದೇ. ಆ ಮಾತಿಗೆ ಎಲ್ಲರೂ ನಗುತ್ತಿದ್ದರು, ರಂಜಿತಾ ಒಬ್ಬಳು ನಗುತ್ತಿರಲಿಲ್ಲ. ಅವಳ ಮೊದಲನೆಯದು ಐದನೇ ತಿಂಗಳಲ್ಲಿ ಅದೇ ರಸ್ತೆಯಲ್ಲಿ ಹೋಗಿತ್ತು. ಜೀಪು ಓಡಿಸುತ್ತಿದ್ದವನು ಅವಳ ಗಂಡ, ಅಂಜನಮ್ಮನ ಮಗ ಧರ್ಮೇಶ್. ಆ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಸಿಸ್ಟರಮ್ಮ ನಿಲ್ಬೇಕಂದ್ರೆ ಮನೆ ನಿಲ್ಲೋ ಹಂಗಿರ್ಬೇಕು" ಎಂದು ಅಂಜನಮ್ಮ ತೀರ್ಮಾನ ಕೊಟ್ಟಳು. "ಓದಿದೋರು. ಸ್ಟೈಲು ಕೇಳ್ತಾರೆ."

"ಸ್ಟೈಲಿಗೆ ದುಡ್ಡು?" ಎಂದ ಚೌಡಯ್ಯ. ಪಂಚಾಯ್ತಿಯವರು ಆಶ್ವಾಸನೆ ಕೊಟ್ಟಿದ್ದರು; ಅದನ್ನು ಗೋಡೆಗೆ ಬಳಿಯಲು ಬರುವುದಿಲ್ಲ.

"ದುಡ್ಡಿದ್ದೋರಿಗೆ ಸ್ಟೈಲು ಎಂತಕ್ಕೆ? ಅವ್ರಿಗೆ ದುಡ್ಡೇ ಸಾಕು. ಸ್ಟೈಲು ಅಂದ್ರೆ ಎಂತ ಅಂತ ನನ್ನತ್ರ ಕೇಳಿ."

ಕೇಳಲೇಬೇಕಾಗಿತ್ತು. ಎಸ್ಟೇಟಿನ ದೊಡ್ಡ ಬಂಗಲೆಯಲ್ಲಿ ಧೂಳು ಹೊಡೆಯುವ ಕೆಲಸ ಅವಳದು; ಮದುವೆಯಾಗಿ ಬಂದಾಗಿನಿಂದ ಮಾಡಿದ್ದು. ಅಲ್ಲಿನ ಸೋಫಾಗಳ ಕಾಲು, ಕೈ, ಬೆನ್ನು ಎಲ್ಲ ಅವಳಿಗೆ ಹೆತ್ತ ಮಗನ ಮೈಗಿಂತ ಚೆನ್ನಾಗಿ ಗೊತ್ತು. ಬಂಗಲೆಯ ಅಮ್ಮ ನಂಜಮ್ಮನವರು ಇಂಗ್ಲಿಷ್ ಪುಸ್ತಕದ ಚಿತ್ರ ನೋಡಿ ನೋಡಿ ಮನೆ ಸಿಂಗರಿಸಿದರೆ, ಅಂಜನಮ್ಮ ಆ ಮನೆಯನ್ನೇ ಒರೆಸಿ ಒರೆಸಿ ಆ ವಿದ್ಯೆಯನ್ನು ಬಟ್ಟೆಯಲ್ಲಿ ಹಿಂಡಿಕೊಂಡು ಬಂದಿದ್ದಳು.

ಕಿತ್ತು ಬಿಸಾಕಿದ್ದ ಹಳೆಯ ಕಾಫಿ ಬೊಡ್ಡೆಯೊಂದನ್ನು ಚೌಡಯ್ಯ ಹೊತ್ತು ತಂದ. ಅದರ ಬೇರುಗಳನ್ನು ಕಾಲಿನಂತೆ ಸಮನಾಗಿ ಕೊಯ್ದು, ಮೇಲೆ ಸಿಲ್ವರ್ ಓಕಿನ ಹಲಗೆ ಬಡಿದಾಗ ಟೀಪಾಯಿಯಾಯಿತು. ತೆಂಗಿನೆಣ್ಣೆ ತಿಕ್ಕಿದ ಮೇಲೆ ಅದು ಎಷ್ಟು ಮಿರುಗಿತೆಂದರೆ ಗಿಡ್ಡಮ್ಮ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು. ಬಂಗಲೆಯ ಗೋಡೆಗೆ ಜಿಂಕೆಯ ಕೊಂಬಿತ್ತು. ಇಲ್ಲಿ ಕವಲೊಡೆದ ಕಾಫಿ ಬೇರೊಂದನ್ನು ಹಲಗೆಗೆ ಜಡಿದು ತೂಗುಹಾಕಿದರು. ದೂರದಿಂದ ನೋಡಿದರೆ ಜಿಂಕೆ, ಹತ್ತಿರದಿಂದ ನೋಡಿದರೆ ಅದಕ್ಕಿಂತ ಸಿಟ್ಟಿನ ಪ್ರಾಣಿ. ಹಣ್ಣು ಕೊಯ್ಯುವ ಬಿದಿರು ಬುಟ್ಟಿಯನ್ನು ಬಲ್ಬಿಗೆ ಬೋರಲು ಹಾಕುವ ಉಪಾಯ ರಂಜಿತಾಳದ್ದು. ಸಂಜೆ ಸ್ವಿಚ್ ಒತ್ತಿದಾಗ ನೀಲಿ ಗೋಡೆಯ ತುಂಬ ಬೆಳಕಿನ ಚುಕ್ಕಿಗಳು ಬಿದ್ದವು. ಚೌಡಯ್ಯ ಕುಂಚ ಕೆಳಗಿಟ್ಟು, ಟೋಪಿ ತೆಗೆದು, ದೇವಸ್ಥಾನದಲ್ಲಿ ನಿಂತಂತೆ ನಿಂತ.

"ಎಂತ ನಮಸ್ಕಾರ ಮಾಡ್ತೀರ? ಅದು ಬುಟ್ಟಿ" ಎಂದಳು ಅಂಜನಮ್ಮ. ಆದರೆ ಸೊಸೆಯ ತಲೆಯನ್ನು ಒಮ್ಮೆ ನೇವರಿಸಿದಳು.

ಎಲ್ಲಕ್ಕಿಂತ ಮಿಗಿಲು ಸೋಫಾ. ಸಿಲ್ವರ್ ಓಕಿನ ರೀಪುಗಳ ಮೇಲೆ ದಿಂಬುಗಳು. ದಿಂಬಿಗೆ ಪಾರ್ಚ್‌ಮೆಂಟ್ ಕಾಫಿಬೀಜ ತುಂಬುವ ಗೋಣಿಚೀಲಗಳನ್ನೇ ಒಗೆದು, ಒಣಗಿಸಿ, ಅಂಚಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದು. ಒಳಗೆ ತುಂಬಿದ್ದು ಕಾಫಿ ಬೀಜದ ಒಣ ಸಿಪ್ಪೆ. ಆ ಹೊಲಿಗೆ ಹಾಕುವಾಗ ಅಂಜನಮ್ಮನ ಸೂಜಿ ಓಡಿದ ವೇಗಕ್ಕೆ ದಾರದಿಂದ ಹೊಗೆ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ರಂಜಿತಾ ಸೊಂಟ ಹಿಡಿದುಕೊಂಡು ಅದರ ತುದಿಗೆ ಒರಗಲು ಹೋದಳು.

"ಏಳು, ಏಳು. ಕೂತ್ರೆ ಗುಂಡಿ ಬೀಳ್ತದೆ" ಎಂದು ಅತ್ತೆ ಕೂಗಿದಳು. "ನೆಲ ಉಂಟಲ್ಲ."

ರಂಜಿತಾ ನೆಲದ ಮೇಲೆ ಕುಳಿತಳು. ಯಾರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಸೋಮವಾರ ಧರ್ಮೇಶ್ ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಸಿಸ್ಟರನ್ನು ಹತ್ತಿಸಿಕೊಂಡ. ಹೊಟ್ಟೆಯಲ್ಲಿದ್ದ ನೀರು ಅಲುಗದಂತೆ ಕರೆತರಬೇಕೆಂದು ತಾಯಿಯ ಅಪ್ಪಣೆಯಾಗಿತ್ತು. ಅವನು ಎಷ್ಟು ನಿಧಾನವಾಗಿ ಓಡಿಸಿದನೆಂದರೆ ತಿರುವುಗಳಲ್ಲಿ ಬಸವನಹುಳುಗಳು ಹಿಂದಿನಿಂದ ದಾರಿ ಕೇಳಿದವು. ಹಾದಿಯುದ್ದಕ್ಕೂ ಮನೆಯ ವರ್ಣನೆ ಬೇರೆ. ಜೀಪು ಬಂದು ನಿಂತಾಗ ಲೈನಿನವರೆಲ್ಲ ಅಂಗಳದಲ್ಲಿ ಸೇರಿದ್ದರು. ಬೇಲಿಯ ಆಚೆ ಚಪ್ಪಲಿಗಳು ಸಾಲಾಗಿ ಕುಳಿತಿದ್ದವು.

ಇಳಿದವಳು ಮೇಘಶ್ರೀ, ಬೀರೂರು ಕಡೆಯ ಹುಡುಗಿ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಚಪ್ಪಟೆ ಬಯಲು ನೋಡಿ ಬೆಳೆದವಳಿಗೆ ತಿರುವಿನ ದಾರಿಯಲ್ಲಿ ತಲೆ ತಿರುಗಿ ಮುಖ ಬಿಳಿಚಿಕೊಂಡಿತ್ತು. ಆದರೂ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತವಳು ಹಾಗೇ ನಿಂತುಬಿಟ್ಟಳು. ನೀಲಿ ಗೋಡೆ, ಟೀಪಾಯಿಯ ಮೇಲೆ ಬಿದಿರಿನ ಅಂಡೆಯಲ್ಲಿ ತಲೆಗಾತ್ರದ ಡೇರೆ ಹೂ, ಗಂಜಿ ಹಾಕಿ ಇಸ್ತ್ರಿ ಮಾಡಿದ ಹಳೆ ಸೀರೆಯ ಪರದೆ.

"ಇದು ಯಾರ ಮನೆ?" ಎಂದಳು ತಿರುಗಿ.

"ನಿಮ್ದೇ ಸಿಸ್ಟರಮ್ಮ" ಎಂದಳು ಅಂಜನಮ್ಮ ಅಂಗಳದಿಂದ. ಆ ಕ್ಷಣದಲ್ಲಿ ಅವಳ ಎದೆ ಉಬ್ಬಿದ ರೀತಿಗೆ ರವಿಕೆಯ ಗುಂಡಿಗಳು ದೇವರನ್ನು ನೆನೆದವು.

"ಎಷ್ಟ್ ಚೆನ್ನಾಗೈತೆ. ಬರ್ರಿ ಎಲ್ಲ ಒಳಕ್ಕೆ, ಯಾಕ್ ಅಲ್ಲೇ ನಿಂತ್ರಿ?"

ಯಾರೂ ಅಲುಗಲಿಲ್ಲ. ಚೌಡಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಿಡ್ಡಮ್ಮ ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ಇಲ್ಲೇ ಚೆಂದ ಸಿಸ್ಟರಮ್ಮ" ಎಂದರು ಒಬ್ಬಿಬ್ಬರು.

ಅಂಜನಮ್ಮ ಕಾಫಿ ತಂದಳು. ಹೊಸಿಲು ದಾಟಿದವಳು ಟೀಪಾಯಿಯ ಮೇಲೆ ಲೋಟ ಇಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು, ಮೆಟ್ಟಿಲಿಳಿದು ಅಂಗಳದಲ್ಲಿ ನಿಂತಳು. ಬಂಗಲೆಯಲ್ಲಿ ಹಾಗೇ ಮಾಡುವುದು. ಮೇಘಶ್ರೀ ಸೋಫಾದ ಮೇಲೆ ಕುಳಿತಳು. ಹತ್ತು ಜನ ಒಟ್ಟಿಗೆ ಹಪ್ಪಳ ಮುರಿದಂತೆ ಸದ್ದಾಯಿತು. ಅವಳಿಗೆ ನಗು ಬಂತು. ಹೊರಗೆ ಯಾರೂ ನಗಲಿಲ್ಲ. ಎಲ್ಲರೂ ಅವಳು ಕುಳಿತದ್ದನ್ನು ನೋಡುತ್ತ ಕೈಕಟ್ಟಿ ನಿಂತಿದ್ದರು. ಅವಳ ನಗು ಕಾಫಿಯ ಲೋಟದ ಹತ್ತಿರ ಬರುವಷ್ಟರಲ್ಲಿ ಆರಿಹೋಯಿತು.

"ಬಸುರೀರು ಯಾರಾದ್ರೂ ಇದೀರಾ?" ಎಂದು ಕೇಳಿದಳು.

ರಂಜಿತಾ ಶಾಲೆಯ ಹುಡುಗಿಯಂತೆ ಕೈ ಎತ್ತಿದಳು.

"ಬಾಮ್ಮ, ನೋಡ್ತೀನಿ."

ರಂಜಿತಾ ಒಂದು ಹೆಜ್ಜೆ ಇಟ್ಟು ಅತ್ತೆಯ ಮುಖ ನೋಡಿದಳು. ಅತ್ತೆ ಒಳಗೆ ಹಾಸಿದ್ದ ಚಾಪೆಯನ್ನು ನೋಡಿದಳು. "ಅವ್ಳ ಕಾಲು ಕೆಸರು ಸಿಸ್ಟರಮ್ಮ. ನೀವೇ ಇಲ್ಲಿ ಬಂದು ನೋಡಿದ್ರೆ ಆಗ್ತದಲ್ಲ? ಹಿಂದ್ಗಡೆ ಕೊಟ್ಟಿಗೆ ಪಕ್ಕ ಒಂದು ಬೆಂಚು ಉಂಟು."

ಮೇಘಶ್ರೀ ಕಾಫಿ ಮುಗಿಸಿದಳು. ಪೂರ್ತಿ ಮುಗಿಸಿದಳು, ಆ ಮಟ್ಟಿಗೆ ಹಿಂದಿನವರಿಗಿಂತ ಮೇಲು. ಆಮೇಲೆ ಎದ್ದು ಹೊರಗೆ ಬಂದು, ಜೀಪಿನ ಹಿಂದೆ ಹಗ್ಗ ಬಿಚ್ಚುತ್ತಿದ್ದ ಧರ್ಮೇಶನಿಗೆ ಹೇಳಿದಳು, "ಟ್ರಂಕು ಇಳಿಸ್ಬೇಡಿ ಅಣ್ಣ. ವಾಪಸ್ ಹೋಗಾಣ."

ಧರ್ಮೇಶನ ಕೈ ಹಗ್ಗದ ಗಂಟಿನಲ್ಲೇ ಉಳಿಯಿತು. ರಂಜಿತಾ ಜೀಪನ್ನು ನೋಡಿದಳು, ಆಮೇಲೆ ಅದು ಬಂದ ರಸ್ತೆಯನ್ನು.

ಅಂಜನಮ್ಮನ ಗಂಟಲು, ಕಳಸದವರೆಗೆ ಕೇಳುವ ಗಂಟಲು, ಪಕ್ಕದಲ್ಲಿದ್ದ ಗಿಡ್ಡಮ್ಮನಿಗೂ ಕೇಳದಷ್ಟು ಇಳಿಯಿತು. "ಎಂತ ಕಮ್ಮಿ ಆಯ್ತು ಸಿಸ್ಟರಮ್ಮ? ಬಣ್ಣ ಹಿಡಿಸ್ಲಿಲ್ವಾ? ಸುಣ್ಣ ಜಾಸ್ತಿ ಮಾಡಿ ಬಿಳಿ ಮಾಡಿಸ್ತೀನಿ. ಆ ಕೊಂಬು ಹೆದರಿಕೆ ಆಗೋದಾದ್ರೆ ತೆಗ್ಸಿಬಿಡ್ತೀನಿ. ನಾನೂ ಹೇಳ್ದೆ, ಇವ್ರು ಕೇಳ್ಲಿಲ್ಲ."

"ನಾನೆಲ್ಲಿ..." ಎಂದ ಚೌಡಯ್ಯ.

"ಏನೂ ಕಮ್ಮಿ ಆಗಿಲ್ಲಮ್ಮ" ಎಂದಳು ಮೇಘಶ್ರೀ. ಸಿಟ್ಟಿಗಿಂತ ಅವಳ ದನಿಯಲ್ಲಿ ದಣಿವಿತ್ತು. "ನಮ್ಮನೇಲಿ ಒಂದೇ ಕೋಣೆ, ಒಂಬತ್ತು ಜನ. ಕಾಲು ಚಾಚಿದ್ರೆ ಯಾರ್ದೋ ಮುಖಕ್ಕೆ ತಾಗ್ತೈತೆ. ಇಂಥ ಮನೆ ನಾನು ಕನಸಲ್ಲೂ ನೋಡಿಲ್ಲ. ಆದ್ರೆ ಹೊತ್ತಲ್ಲದ ಹೊತ್ತಲ್ಲಿ ನೋವು ಬಂದ್ರೆ ನೀವ್ಯಾರೂ ಈ ಬಾಗ್ಲು ತಟ್ಟಲ್ಲ. ಹಗಲಲ್ಲೇ, ಕರೆದ್ರೂ ಮೆಟ್ಲು ಹತ್ತಲ್ಲ ಅಂತೀರಿ. ನಾನು ಇಲ್ಲಿ ಕೂತ್ಕಂಡು ಯಾರಿಗೆ ಸಿಸ್ಟರ್ ಆಗ್ಲಿ? ಈ ಕೊಂಬಿಗಾ?"

"ಬಂಗ್ಲೆ ಒಳಗೆ ನಾವ್ ಹೆಂಗ್ ಬರೋದು ಸಿಸ್ಟರೇ" ಎಂದಳು ಗಿಡ್ಡಮ್ಮ.

"ಇದ್ಯಾವ ಬಂಗ್ಲೆ?"

"ಅಂಜನಕ್ಕ ಬಂಗ್ಲೆನೇ ಮಾಡಿಟ್ಟಿದಾರೆ ಅಲ್ವಾ. ಥೇಟು ಅದೇ. ನೋಡಿದ್ರೇ ಕಾಲು ತಾನಾಗೇ ಚಪ್ಪಲಿ ಬಿಡ್ತದೆ."

ಬೇರೆ ದಿನವಾಗಿದ್ದರೆ ಅಂಜನಮ್ಮ ಈ ಮಾತಿಗೆ ಹಿರಿಹಿರಿ ಹಿಗ್ಗಿ ಲೈನಿನ ಹೆಂಚು ಹಾರಿಸುತ್ತಿದ್ದಳು. ಈಗ ಅವಳು ತಾನು ಮಾಡಿದ್ದನ್ನು ತೆರೆದ ಬಾಗಿಲಿನಲ್ಲಿ ಮೊದಲ ಸಲ ನೋಡಿದಂತೆ ನೋಡಿದಳು.

"ಆ ಸೋಫಾ ಹೊಲಿದೋರು ಯಾರು?" ಎಂದು ಕೇಳಿದಳು ಮೇಘಶ್ರೀ.

"ನಾನು."

"ಕೂತು ನೋಡಿದ್ರಾ?"

ನಂಜಮ್ಮನವರ ಮನೆಯವರೆಲ್ಲ ಮದುವೆಗೆಂದು ವಾರಗಟ್ಟಲೆ ಹೋದಾಗ ಬಂಗಲೆಯ ಬೀಗದಕೈ ಅಂಜನಮ್ಮನ ಸೊಂಟದಲ್ಲಿರುತ್ತಿತ್ತು. ಆಗಲೂ ಅವಳು ಸೋಫಾ ಒರೆಸಿ, ನೆಲದ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಂಡು ಬರುತ್ತಿದ್ದಳು. ಕೂರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

"ಕೂತ್ಕಳ್ಳಿ ಹೋಗಿ" ಎಂದಳು ಮೇಘಶ್ರೀ. "ನೀವು ಕೂತ್ರೆ ನೋಡಾಣ."

ಬಾಳೂರಿನಿಂದ ದೇವರಮನೆ ಗುಡ್ಡದವರೆಗೆ ಹಕ್ಕಿ ಪಕ್ಕಿ ಎಲ್ಲ ಬಾಯಿ ಮುಚ್ಚಿಕೊಂಡವು. ಅಂಜನಮ್ಮ ಮೆಟ್ಟಿಲು ಹತ್ತಿದಳು. ಹೊಸಿಲಲ್ಲಿ ಅಂಗಾಲು ಉಜ್ಜಿಕೊಂಡಳು, ಇನ್ನೊಮ್ಮೆ ಉಜ್ಜಿಕೊಂಡಳು. ಸೋಫಾದ ಹತ್ತಿರ ಹೋಗಿ ಅಭ್ಯಾಸಬಲದಿಂದ ಸೆರಗಿನಿಂದ ಅದರ ಕೈ ಒರೆಸಿದಳು. ಆಮೇಲೆ, ಕೊಳದ ನೀರು ಎಷ್ಟು ತಣ್ಣಗಿದೆಯೋ ಎಂದು ಇಳಿಯುವವರಂತೆ, ಅದರ ತುದಿಗೆ ಬೆರಳಗಲ ಕುಳಿತಳು.

ಸಿಪ್ಪೆ ಕರಕರ ಎಂದಿತು. ಅವಳು ಬೆಚ್ಚಿ ಅರ್ಧ ಎದ್ದಳು. ಮತ್ತೆ ಕುಳಿತಳು. ಈ ಸಲ ಸ್ವಲ್ಪ ಹಿಂದಕ್ಕೆ. ಮತ್ತೂ ಹಿಂದಕ್ಕೆ. ಬೆನ್ನು ದಿಂಬಿಗೆ ತಾಗಿತು; ಕಾಲು ನೆಲ ಬಿಟ್ಟು ಗಾಳಿಯಲ್ಲಿ ತೂಗಾಡಿತು, ಯಾಕೆಂದರೆ ಅವಳು ಸೋಫಾದ ಎತ್ತರವನ್ನು ನಂಜಮ್ಮನವರ ಕಾಲಿನ ಅಳತೆಗೆ ಮಾಡಿಸಿದ್ದಳು.

ಅಂಗಳದಿಂದ ಚೌಡಯ್ಯ ಕೇಳಿದ, "ಹೆಂಗೆ ಉಂಟು?"

"ಇಲ್ಲಿಂದ ಕೂಗಿ ಹೇಳ್ಬೇಕಾ? ಬಂದು ಕೂತ್ಕಂಡ್ ನೋಡಿ ಮಾರಾಯ್ರೆ."

ಅಷ್ಟೇ ಸಾಕಾಯಿತು. ಚೌಡಯ್ಯ ಬಂದ, ಗಿಡ್ಡಮ್ಮ ಬಂದಳು, ಮಹೀಂದ್ರ ತೆವಳಿಕೊಂಡು ಬಂದ. ಆಮೇಲೆ ಲೈನಿಗೆ ಲೈನೇ ನುಗ್ಗಿತು. ಆ ಎರಡು ಕೋಣೆಯಲ್ಲಿ ಅಷ್ಟು ಜನ ಹಿಡಿದದ್ದು ಹೇಗೆಂದು ಇವತ್ತಿಗೂ ಯಾರಿಗೂ ಬಗೆಹರಿದಿಲ್ಲ; ಮೂಡಿಗೆರೆ ಸಂತೆಯನ್ನು ಮಡಿಸಿ ಒಳಗಿಟ್ಟಂತಿತ್ತು. ಸೋಫಾದ ಮೇಲೆ ಐದು ಜನ ಒಟ್ಟಿಗೆ ಕುಳಿತು ಎದ್ದು ಕುಳಿತು ಅದರ ಸದ್ದು ಕೇಳಿದರು. ಬುಟ್ಟಿ ದೀಪ ಎತ್ತರದವರ ತಲೆಗೆಲ್ಲ ಬಡಿಯಿತು. ಚೌಡಯ್ಯ ಟೋಪಿ ಇಡಲು ಜಾಗ ಹುಡುಕಿ ಹುಡುಕಿ ಸಿಟ್ಟಿನ ಜಿಂಕೆಯ ಕೊಂಬಿಗೆ ಸಿಕ್ಕಿಸಿದ. ಪ್ರಾಣಿ ಆ ಕೂಡಲೇ ಸಮಾಧಾನಗೊಂಡಿತು. ಗೋಡೆಗೆ ಒರಗಿದವರ ಬೆನ್ನೆಲ್ಲ ನೀಲಿಯಾಗಿ, ಹಿಂದಿನಿಂದ ನೋಡಿದರೆ ಎಲ್ಲರೂ ಸಾಕ್ಷಾತ್ ಕೃಷ್ಣ ಪರಮಾತ್ಮರು.

"ಗೋಡೆಗೆ ಒರಗ್ಬೇಡಿ" ಎಂದು ಅಂಜನಮ್ಮ ಸೋಫಾದ ಮೇಲಿಂದ ಕೂಗಿದಳು. ಗಂಟಲು ವಾಪಸ್ಸು ಬಂದಿತ್ತು.

"ಒರಗ್ಲಿ ಬಿಡಿ" ಎಂದಳು ಮೇಘಶ್ರೀ. ನಿಲ್ಲಲು ಜಾಗವಿಲ್ಲದೆ ಅವಳೇ ಒಳಕೋಣೆಯ ಬಾಗಿಲಿಗೆ ಒತ್ತಿಕೊಂಡಿದ್ದಳು. "ಗೋಡೆ ಇರೋದ್ ಎಂತಕ್ಕೆ?"

ಅವಳ ಬಾಯಲ್ಲಿ ಆಗಲೇ 'ಎಂತಕ್ಕೆ' ಬಂದಿತ್ತು. ಧರ್ಮೇಶ್ ಯಾರನ್ನೂ ಕೇಳದೆ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದ. ಎಲ್ಲಿಡಲಿ ಎಂದು ಅವನು ಹುಬ್ಬಿನಲ್ಲೇ ಕೇಳಿದ. ಮಂಚದ ಕೆಳಗೆ ಎಂದು ಅವಳು ಗಲ್ಲದಲ್ಲೇ ತೋರಿಸಿದಳು.

ರಂಜಿತಾ ಒಳಕೋಣೆಯ ಮಂಚದ ಮೇಲೆ ಮಲಗಿದಳು. ಅವಳ ಅಂಗಾಲಿನ ಕೆಸರು ಒಗೆದ ಹಾಸಿಗೆಗೆ ಮೆತ್ತಿಕೊಂಡಿತು. ಅಂಜನಮ್ಮ ಅದನ್ನು ನೋಡಿದಳು, ನೋಡಿ ಬಾಯಿ ತೆರೆದಳು, ಮುಚ್ಚಿದಳು. ಮೇಘಶ್ರೀ ಕೈಚೀಲದಿಂದ ಮಗುವಿನ ಎದೆಬಡಿತ ಕೇಳುವ ಮರದ ಸಣ್ಣ ಕೊಳವೆಯೊಂದನ್ನು ತೆಗೆದು ಹೊಟ್ಟೆಯ ಮೇಲೆ ಇಟ್ಟು ಕಿವಿ ಹಚ್ಚಿದಳು. ಅಲ್ಲಿಟ್ಟಳು, ಇಲ್ಲಿಟ್ಟಳು. ಒಂದು ಕಡೆ ಕೊಳವೆ ನಿಲ್ಲಿಸಿದಳು. ಆಮೇಲೆ ತಲೆ ಎತ್ತಿ, ಕೊಳವೆ ಅಲುಗದಂತೆ ಹಿಡಿದುಕೊಂಡೇ, ಅಂಜನಮ್ಮನಿಗೆ ಸನ್ನೆ ಮಾಡಿದಳು.

"ನಾನಾ?"

"ಬರ್ರಿ."

ಅಂಜನಮ್ಮ ಮೊಣಕಾಲೂರಿ ಬಾಗಿದಳು. ಕಿವಿ ಕೊಳವೆಗೆ ತಾಗುತ್ತಲೇ ಕಣ್ಣು ಮುಚ್ಚಿದಳು. ಹೊರಕೋಣೆಯಲ್ಲಿ ಯಾರೋ ಏನೋ ಅಂದು ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಕಣ್ಣು ತೆರೆಯದೆ ಒಂದು ಕೈಯನ್ನು ಮಾತ್ರ ಮೇಲೆತ್ತಿದಳು. ಬಾಗಿಲಲ್ಲಿದ್ದವರು ಅದನ್ನು ಕಂಡು ಹಿಂದಿನವರಿಗೆ ತಿಳಿಸಿದರು, ಅವರು ಅವರ ಹಿಂದಿನವರಿಗೆ. ಮನೆ ಅಂಗಳದವರೆಗೂ ಸುಮ್ಮನಾಯಿತು. ಅಂಜನಮ್ಮನ ತುರುಬಿನಿಂದ ಜಾರಿದ ನರೆಗೂದಲಿನ ಎಳೆಯೊಂದು ರಂಜಿತಾಳ ಹೊಟ್ಟೆಯ ಮೇಲೆ ಬಿದ್ದಿತ್ತು. ಗಾಳಿಯೇ ಇರಲಿಲ್ಲ, ಆದರೂ ಅದು ಒಮ್ಮೆ ಸಣ್ಣಗೆ ಅಲುಗಿತು.